ಐದು ಗಂಟೆಯ ತನಕ

ಡಾಬಕಾ
12 ನವೆಂಬರ್ 2024

ಪ್ರೀತಿಯ ತಂಗಿ ಆರತಿಗೆ ಅಕ್ಕ ಸಿದ್ದೇಶ್ವರಿಯ ಆಶೀರ್ವಾದ.

ಇವತ್ತು ಮಧ್ಯಾಹ್ನ ಪಂಚಾಯತಿ ಕಚೇರಿಗೆ ಹೋಗಿ ನಾಮಪತ್ರ ಕೊಟ್ಟು ಬಂದೆ. ಒಂದು ಜಾತಿ ಪ್ರಮಾಣಪತ್ರಕ್ಕಾಗಿ ಔರಾದಿನ ತಹಶೀಲ ಕಚೇರಿಗೆ ಅಲೆದಲೆದು ಚಪ್ಪಲಿ ಸವೆದಿದ್ದವು, ಕೊನೆಗೂ ಕೈಗೆ ಸಿಕ್ಕಿತು. ಹೊರಗೆ ಬಂದರೆ ನಿನ್ನ ಶಿವಕಾಂತ ಮಾವ ಹಾರ ಹಿಡಿದು ನಿಂತಿದ್ದಾರೆ. ಗಂಡ ಹೆಂಡತಿಗೆ ಹಾರ ಹಾಕುವುದನ್ನು ನೋಡಿ ಜನ ನಕ್ಕಿದ್ದೇ ನಕ್ಕಿದ್ದು. ಮದುವೆಯ ದಿನವೂ ಅವರ ಮುಖ ಇಷ್ಟು ಅರಳಿರಲಿಲ್ಲ.

ಫೋನ್ ಬಿಟ್ಟು ಕಾಗದ ಯಾಕೆ ಎಂದು ಕೇಳಬೇಡ. ನನ್ನ ಫೋನು ಈಗ ನನ್ನದಲ್ಲ. ಮೈದುನರು ಅದನ್ನು ಅಂಗಳದ ಪೆಂಡಾಲಿನಲ್ಲಿ ಇಟ್ಟುಕೊಂಡು ಕೂತಿದ್ದಾರೆ. ಯಾರು ಮಾಡಿದರೂ ಸ್ಪೀಕರ್ ಹಾಕುತ್ತಾರೆ, ಇಡೀ ಓಣಿ ಕೇಳುತ್ತದೆ. ಮೊನ್ನೆ ನೀನು ಅವ್ವನ ಹೊಟ್ಟೆನೋವಿನ ಸುದ್ದಿ ಹೇಳಿದ್ದು ಸಂಜೆಯೊಳಗೆ ಕಾಶೀನಾಥನ ಮನೆ ಮುಟ್ಟಿತು. "ಮುದಿಕಿ ಓಟಿನ ತನಾ ಉಳಿತಾಳೇನು?" ಎಂದು ಅಲ್ಲಿ ಕೇಳಿದರಂತೆ. ಅದಕ್ಕೇ ಮನೆಯ ಮಾತು ಕಾಗದದಲ್ಲಿರಲಿ. ಭಾಲ್ಕಿ-ಔರಾದ ಬಸ್ಸಿನ ಕಂಡಕ್ಟರ್ ಫಕ್ರೋದ್ದೀನ ಚಾಚಾ ತಂದುಕೊಡುತ್ತೇನೆ ಎಂದಿದ್ದಾರೆ. ನಿನ್ನ ಗಂಡ ದಿಲೀಪ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಇಸಿದುಕೊಳ್ಳಲಿ.

ನನ್ನ ಎದುರು ನಿಂತವಳು ಕಾಶೀನಾಥನ ಸೊಸೆ ಶಶಿಕಲಾ. ಅವಳ ಮೇಲೆ ನನಗೆ ಸಿಟ್ಟಿಲ್ಲ, ಪಾಪದ ಹುಡುಗಿ. ಸಿಟ್ಟು ಇರುವುದು ಅವಳ ಮಾವ ಕಾಶೀನಾಥನ ಮೇಲೆ. ಹೋದ ಮಳೆಗಾಲದಲ್ಲಿ ಕುರಿಗಳ ನಾಲಿಗೆ ನೀಲಿಯಾಗಿ ಸಾಯತೊಡಗಿದಾಗ, ಸರ್ಕಾರದಿಂದ ಸೂಜಿ ಹಾಕಲು ಬಂದ ಡಾಕ್ಟರನ್ನು ತನ್ನ ಅಂಗಳದಲ್ಲಿ ಕೂರಿಸಿಕೊಂಡು ನಮ್ಮ ಕುರುಬರ ಓಣಿಗೆ ಬಿಡಲಿಲ್ಲವಲ್ಲ. ಧೊಂಡಿಬಾ ಕಾಕಾನ ಅರ್ಧ ಹಿಂಡು ಹೋಯಿತು. ಸತ್ತ ಕುರಿಯ ಪಕ್ಕದಲ್ಲಿ ಕಾಕಾ ಕೂತದ್ದನ್ನು ನೋಡಿದ ಮೇಲೆ ನಾನು ನಿಂತೆ.

ಅವ್ವ ನಿನ್ನ ಮನೆಗೆ ಬರುವ ಮೊದಲು ಬೀರಪ್ಪನ ಭಂಡಾರದ ಚೀಲ ಸೊಂಟಕ್ಕೆ ಕಟ್ಟಿಕೊಂಡು ಊರಲ್ಲಿರುವ ಅಪ್ಪನ ಭಾವಕಿಯ ಅಣ್ಣತಮ್ಮಂದಿರ ಒಂದು ಮನೆಯನ್ನೂ ಬಿಡದೆ ಹೋಗಿ, ಎಲ್ಲರ ಅಂಗೈಗೆ ಅರಿಶಿನ ಹಾಕಿ ಆಣೆ ಮಾಡಿಸಿದ್ದಾಳೆ. ಆ ಮನೆಗಳ ಓಟು ಬಂದರೆ ನಾನು ಗೆಲ್ಲುತ್ತೇನೆ, ತಪ್ಪಿದರೆ ಇಲ್ಲ. ಮತದಾನ ಇಪ್ಪತ್ಮೂರಕ್ಕೆ, ಶನಿವಾರ. ಅವಳನ್ನು ಬೇಗ ಗುಣ ಮಾಡಿ ಕಳಿಸು. ಅವಳಿಲ್ಲದೆ ನನಗೆ ಓಣಿಯಲ್ಲಿ ದನಿಯೇ ಏಳುತ್ತಿಲ್ಲ.

ನಿನ್ನ ಅಕ್ಕ
ಸಿದ್ದೇಶ್ವರಿ


ಭಾಲ್ಕಿ
14 ನವೆಂಬರ್ 2024

ಅಕ್ಕನಿಗೆ ಆರತಿಯ ನಮಸ್ಕಾರ.

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಹಾರದ ಸುದ್ದಿಗೆ ಬಹಳ ನಕ್ಕಳು. "ಶಿವಕಾಂತಗ ಹೇಳು, ಗೆದ್ದಮ್ಯಾಲ ಹಾಕಬೇಕಾಗಿತ್ತು, ಈಗ ಹಾಕಿ ಹೂವಿನ ರೊಕ್ಕಾ ಹಾಳ ಮಾಡಿದ" ಎಂದಳು.

ಅವ್ವ ಆರಾಮ ಇದ್ದಾಳೆ. ಹೊಟ್ಟೆ ಸ್ವಲ್ಪ ಉಬ್ಬಿದೆ, ಡಾಕ್ಟರು ಗುಳಿಗೆ ಕೊಟ್ಟಿದ್ದಾರೆ. ನಾನು ಮಾಡಿದ ಜೋಳದ ಗಂಜಿಗೆ ಉಪ್ಪಿಲ್ಲ ಎಂದು ಬೈಯುತ್ತಾಳೆ, ಉಪ್ಪು ಹಾಕಬಾರದು ಎಂದು ಡಾಕ್ಟರು ಹೇಳಿದ್ದನ್ನು ಹೇಳಿದರೆ ಡಾಕ್ಟರನ್ನು ಬೈಯುತ್ತಾಳೆ. ಬೈಯುವ ಶಕ್ತಿ ಇದೆ ಎಂದರೆ ಚಿಂತೆ ಇಲ್ಲ. ದಿಲೀಪರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿನ್ನ ಪ್ರಚಾರ ಮಾಡುತ್ತಿದ್ದಾಳೆ. ಅವರ ಓಟು ಭಾಲ್ಕಿಯಲ್ಲಿದೆ ಎಂದರೂ ಕೇಳುವುದಿಲ್ಲ.

ನನ್ನ ಫೋನಿನ ಪರದೆ ಒಡೆದಿದೆ, ರಿಪೇರಿಗೆ ಕೊಟ್ಟಿದ್ದೇನೆ. ನೀನು ಅವ್ವನ ಚಿಂತೆ ಬಿಟ್ಟು ಓಟಿನ ಕೆಲಸ ನೋಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಹಸಿವಾದರೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಓಟು ಹೋಗುತ್ತವೆ.

ಆರತಿ


ಡಾಬಕಾ
16 ನವೆಂಬರ್ 2024

ಆರತಿ,

ನಿನ್ನೆ ಚಿಹ್ನೆ ಸಿಕ್ಕಿತು. ನನಗೆ ಹೊಲಿಗೆ ಯಂತ್ರ, ಶಶಿಕಲಾಗೆ ಆಟೋ. ನನಗೆ ಒಂದು ಗುಂಡಿ ಹಚ್ಚಲು ಬರುವುದಿಲ್ಲ ಎಂದು ಅವ್ವನಿಗೆ ಗೊತ್ತಲ್ಲ, ಹೇಳು, ನಗಲಿ.

ಧೊಂಡಿಬಾ ಕಾಕಾ ಕುರಿ ಹೊಡೆದುಕೊಂಡು ಮಹಾರಾಷ್ಟ್ರದ ಕಡೆ ಹೋಗಿದ್ದಾನೆ. ಜನ ಕಳಿಸಿದ್ದೆ. "ಭಂಡಾರ ಹಿಡದೀನಿ, ಹಿಂಡು ಬಿಟ್ಟಾದ್ರೂ ಬರ್ತೇನಿ" ಎಂದು ಹೇಳಿ ಕಳಿಸಿದ. ಆದರೆ ಉಳಿದವರಲ್ಲಿ ಎರಡು ಮನೆ ಅಲುಗಾಡುತ್ತಿವೆ. ಕಾಶೀನಾಥ ದಿನಾ ಅವರ ಕಟ್ಟೆಯ ಮೇಲೆ ಬಂದು ಕೂರುತ್ತಾನೆ. ಅವ್ವ ಒಂದು ಸಲ ಮುಖ ತೋರಿಸಿದರೆ ಸಾಕು, ಎಲ್ಲರೂ ನೆಟ್ಟಗಾಗುತ್ತಾರೆ.

ಹೋದ ಸಲ ನಮ್ಮ ಓಣಿಯವರು ನಿಂತಾಗ ಏನಾಯಿತು ನೆನಪಿದೆಯಲ್ಲ? ಮತದಾನದ ಬೆಳಿಗ್ಗೆ ದೊಡ್ಡಪ್ಪ ತೀರಿಕೊಂಡ. ಸೂತಕ ಬಂತೆಂದು ಭಾವಕಿಯಲ್ಲಿ ಒಬ್ಬರೂ ಹೊಸ್ತಿಲು ದಾಟಲಿಲ್ಲ, ಒಲೆ ಹೊತ್ತಿಸಲಿಲ್ಲ. ಮಣ್ಣು ಮಾಡಿ ಬರುವಷ್ಟರಲ್ಲಿ ಐದು ಗಂಟೆಯಾಗಿ ಬೂತಿನ ಬಾಗಿಲು ಮುಚ್ಚಿತ್ತು. ಕಾಶೀನಾಥ ನಮ್ಮ ಕಣ್ಣೀರಿನ ಮೇಲೆ ಗುಲಾಲು ಹಾರಿಸಿದ. ಈ ಸಲ ಹಾಗೆ ಆಗಲು ಬಿಡುವುದಿಲ್ಲ. ಆದ್ದರಿಂದ ಮಂಗಳವಾರ ಜೀಪು ಕಳಿಸುತ್ತೇನೆ. ಅವ್ವನನ್ನು ತಯಾರು ಮಾಡಿಡು. ಹಿಂದಿನ ಸೀಟಿಗೆ ಗಾದಿ ಹಾಕಿಸುತ್ತೇನೆ, ಮಲಗಿಕೊಂಡೇ ಬರಲಿ.

ಒಂದು ಮಾತು. ನಿನ್ನ ಗಂಡನಿಗೆ ಎರಡು ಸಲ ಫೋನ್ ಮಾಡಿಸಿದೆ, ಕಟ್ ಮಾಡಿದರು. ಅವರ ಟೆಂಪೋ ಕಾಶೀನಾಥನ ಸೋಯಾಬೀನ್ ಸಾಗಿಸುತ್ತದೆ ಎಂದು ನನಗೆ ಗೊತ್ತು. ವ್ಯಾಪಾರ ಬೇರೆ, ಮನೆ ಬೇರೆ ಎಂದು ತಿಳಿದಿದ್ದೇನೆ. ಹಾಗೆಯೇ ಇರಲಿ.

ಸಿದ್ದೇಶ್ವರಿ


ಭಾಲ್ಕಿ
17 ನವೆಂಬರ್ 2024

ಅಕ್ಕ,

ಜೀಪು ಕಳಿಸಬೇಡ. ಅವ್ವನಿಗೆ ಗುಳಿಗೆಯಿಂದ ಸ್ವಲ್ಪ ನಿಶ್ಶಕ್ತಿ, ಇನ್ನೂ ನಾಲ್ಕು ದಿನ ವಿಶ್ರಾಂತಿ ಬೇಕು ಎಂದಿದ್ದಾರೆ. ಮತದಾನದ ದಿನ ದಿಲೀಪರೇ ಟೆಂಪೋದಲ್ಲಿ ಕರೆದುಕೊಂಡು ಬರುತ್ತಾರೆ. ಅವರು ಫೋನ್ ಕಟ್ ಮಾಡಿದ್ದು ಗಾಡಿ ನಡೆಸುತ್ತಿದ್ದಾಗ. ಬೇರೆ ಅರ್ಥ ಹಚ್ಚಬೇಡ.

ಹೊಲಿಗೆ ಯಂತ್ರಕ್ಕೆ ಅವ್ವ ನಕ್ಕಳು.

ಆರತಿ


ಬೀದರ
18 ನವೆಂಬರ್ 2024
(ಕಳಿಸುವುದಿಲ್ಲ)

ಅಕ್ಕ,

ಅವ್ವ ನಗಲಿಲ್ಲ. ಹೊಲಿಗೆ ಯಂತ್ರದ ಮಾತು ಹೇಳಿದಾಗ ಅವಳಿಗೆ ಎಚ್ಚರವೇ ಇರಲಿಲ್ಲ.

ನಾವು ಭಾಲ್ಕಿಯಲ್ಲಿ ಇಲ್ಲ. ಹದಿನೈದಕ್ಕೇ ಬೀದರಿನ ದವಾಖಾನೆಗೆ ತಂದು ಹಾಕಿದ್ದೇವೆ. ಹೊಟ್ಟೆ ತುಂಬ ನೀರು, ಕಣ್ಣು ಹಳದಿ. ಲಿವರ್ ಹೋಗಿದೆ, ತಡವಾಗಿದೆ, ಮನೆಯವರನ್ನೆಲ್ಲ ಕರೆಸಿಕೊಳ್ಳಿ ಎಂದರು ಡಾಕ್ಟರು. ನಾನು ಕಾಗದದ ಮೇಲೆ ಭಾಲ್ಕಿ ಎಂದು ಬರೆದು ದಿಲೀಪರ ಕೈಗೆ ಕೊಡುತ್ತೇನೆ, ಅವರು ಭಾಲ್ಕಿಗೆ ಹೋಗಿ ಫಕ್ರೋದ್ದೀನ ಚಾಚಾಗೆ ಮುಟ್ಟಿಸುತ್ತಾರೆ. ನನ್ನ ಫೋನಿಗೆ ಏನೂ ಆಗಿಲ್ಲ. ದನಿ ಕೇಳಿದರೆ ನಿನಗೆ ಗೊತ್ತಾಗುತ್ತದೆ ಎಂದು ಬಂದ್ ಮಾಡಿ ಇಟ್ಟಿದ್ದೇನೆ. ದಿಲೀಪರಿಗಂತೂ ಸುಳ್ಳು ಹೇಳಲು ಬರುವುದಿಲ್ಲ, ಅದಕ್ಕೇ ಕಟ್ ಮಾಡುತ್ತಾರೆ.

ಎದುರಿನ ಗಂಡಸರ ವಾರ್ಡಿನಲ್ಲಿ ಖತೀಜಾ ಬೇಗಂ ಎನ್ನುವವರ ಗಂಡ ಇದ್ದಾರೆ. ನಾನು ಅವ್ವನ ಬಟ್ಟೆ ಬದಲಿಸುವಾಗ ಆ ತಾಯಿ ಬಂದು ಕೈ ಹಚ್ಚುತ್ತಾರೆ. "ಬೇಟಿ, ಅಕ್ಕಗ ಹೇಳಿಬಿಡು. ಅಮ್ಮಾ ಇಬ್ರಿಗೂ ಅಮ್ಮಾನೇ ಅಲ್ಲೇನು?" ಎಂದು ಬೆಳಿಗ್ಗೆ ಕೇಳಿದರು. ಅದಕ್ಕೇ ಇದನ್ನು ಬರೆಯಲು ಕೂತೆ.

ಇದನ್ನು ಕಳಿಸಿದರೆ ನೀನು ಓಡಿ ಬರುತ್ತೀಯ. ನಿನ್ನ ಹಿಂದೆ ಭಾವಕಿ ಎಲ್ಲ ಬರುತ್ತದೆ. ಓಣಿ ಖಾಲಿಯಾಗುತ್ತದೆ, ಕಾಶೀನಾಥ ಕೂತಲ್ಲೇ ಗೆಲ್ಲುತ್ತಾನೆ. ಎಚ್ಚರ ಇದ್ದಾಗ ಅವ್ವ ಕೇಳುವುದು ಒಂದೇ, "ಸಿದ್ದಿದು ಹ್ಯಾಂಗ ನಡದದ?" ಚಲೋ ನಡೆದಿದೆ ಎನ್ನುತ್ತೇನೆ. ಶನಿವಾರದ ತನಕ ಉಳಿದರೆ ಸಾಕು, ಆಮೇಲೆ ನಾನೇ ನಿನ್ನ ಕಾಲು ಹಿಡಿಯುತ್ತೇನೆ.

ಹೆದರಿಕೆಯಾಗುತ್ತಿದೆ ಅಕ್ಕ. ನೀನು ಇಲ್ಲಿ ಇರಬೇಕಾಗಿತ್ತು.


ಡಾಬಕಾ
20 ನವೆಂಬರ್ 2024

ಆರತಿ,

ನಿನ್ನೆ ನೀನು ಬೇಡ ಎಂದರೂ ಇವರು ಜೀಪು ತೆಗೆದುಕೊಂಡು ಭಾಲ್ಕಿಗೆ ಬಂದಿದ್ದರು. ನಿನ್ನ ಮನೆಗೆ ಬೀಗ. ಮುದುಕಿಯನ್ನು ಕರೆದುಕೊಂಡು ಎಲ್ಲಿಗೋ ಹೋಗಿದ್ದಾರೆ, ನಾಲ್ಕು ದಿನವಾಯಿತು ಎಂದರು ಪಕ್ಕದ ಮನೆಯವರು. ಹಾಗಾದರೆ ಹದಿನೇಳಕ್ಕೆ ನೀನು ಬರೆದ ಕಾಗದ ಯಾವ ಮನೆಯಿಂದ ಬಂತು? ಬರುವ ದಾರಿಯಲ್ಲಿ ಮಾರುಕಟ್ಟೆಯಲ್ಲಿ ನಿನ್ನ ಗಂಡನ ಟೆಂಪೋ ನಿಂತಿತ್ತಂತೆ. ಅದರಲ್ಲಿ ಕಾಶೀನಾಥನ ಚೀಲಗಳಿದ್ದವಂತೆ.

ನನಗೆ ಎಲ್ಲ ತಿಳಿಯಿತು. ಅವ್ವ ಊರಿಗೆ ಬಂದರೆ ಭಾವಕಿ ಒಂದಾಗುತ್ತದೆ ಎಂದು ಕಾಶೀನಾಥನಿಗೆ ಗೊತ್ತು. ಅದಕ್ಕೇ ಅವಳನ್ನು ಬಚ್ಚಿಡಿಸಿದ್ದಾನೆ, ಬಚ್ಚಿಟ್ಟವಳು ನೀನು. ಬಾಡಿಗೆಯ ಚೀಲಕ್ಕಾಗಿ ಒಡಹುಟ್ಟಿದವಳನ್ನು ಮಾರಿಕೊಂಡೆ. ನಿನ್ನ ಬಾಣಂತನಕ್ಕೆ ನಿನ್ನ ಹಾಸಿಗೆ ಒಗೆದವಳು ನಾನು. ನೆನಪಿರಲಿ.

ಅವ್ವನಾದರೂ ಏನು ಮಾಡುತ್ತಿದ್ದಾಳೆ? ಊರೆಲ್ಲ ಆಣೆ ಮಾಡಿಸಿ, ಕಿರಿಯ ಮಗಳ ಮನೆಯ ಮೆತ್ತನೆ ಹಾಸಿಗೆಯಲ್ಲಿ ನನ್ನನ್ನು ಮರೆತಿದ್ದಾಳೆ. ಬರಬೇಕು ಎನ್ನುವವಳಿಗೆ ಬಾಯಿಲ್ಲವೇ? ಶನಿವಾರ ಅವಳು ಬಂದು ನನಗೆ ಓಟು ಹಾಕದಿದ್ದರೆ ನನಗೆ ಅವ್ವ ಇಲ್ಲ, ತವರೂ ಇಲ್ಲ. ಇದನ್ನು ಅವಳಿಗೆ ಓದಿ ಹೇಳು. ಒಂದು ಅಕ್ಷರ ಬಿಡಬೇಡ.

ಸಿದ್ದೇಶ್ವರಿ


ಬೀದರ
21 ನವೆಂಬರ್ 2024
(ಕಳಿಸುವುದಿಲ್ಲ)

ಅಕ್ಕ,

ದಿಲೀಪರು ಮಧ್ಯಾಹ್ನ ನಿನ್ನ ಕಾಗದ ತಂದರು. ನಾನು ಓದಿಕೊಳ್ಳುತ್ತಿದ್ದಾಗಲೇ ಅವ್ವ ಕಣ್ಣು ತೆರೆದಳು. ಇವತ್ತು ಬೆಳಿಗ್ಗೆಯಿಂದ ಎಚ್ಚರ ಚೆನ್ನಾಗಿತ್ತು. "ಸಿದ್ದಿದೇನು? ಓದು" ಎಂದಳು. ನಾನು ಕೆಟ್ಟದ್ದನ್ನು ಬಿಟ್ಟು, ಇಲ್ಲದ್ದನ್ನು ಸೇರಿಸಿ, ನೀನು ಹುಷಾರಾಗು, ಓಟು ಹೋದರೆ ಹೋಗಲಿ ಎಂದೆಲ್ಲ ಓದಿದೆ. ಅವ್ವ ಎಲ್ಲ ಕೇಳಿ, "ಇದು ಸಿದ್ದಿ ಬರದದ್ದಲ್ಲ. ಅಕಿ ಇಷ್ಟು ಮೆತ್ತಗ ಯಾವಾಗ ಮಾತಾಡ್ಯಾಳ? ಬರದದ್ದು ಓದು" ಎಂದಳು.

ಬರೆದದ್ದನ್ನು ಓದಿದೆ. ಇನ್ನೊಮ್ಮೆ ಓದಿಸಿದಳು.

ಆಮೇಲೆ ಎಬ್ಬಿಸಿ ಕೂರಿಸು, ಸೀರೆ ಉಡಿಸು, ಊರಿಗೆ ಹೋಗೋಣ ಎಂದಳು. ನಾನೂ ಖತೀಜಾ ಬೇಗಂ ಅವರೂ ಆ ಕಡೆ ಈ ಕಡೆ ಹಿಡಿದೆವು. ಕಾಲು ನೆಲಕ್ಕೆ ಮುಟ್ಟಿದ್ದೇ ಕುಸಿದಳು. ಮತ್ತೆ ಮಲಗಿಸಿದಾಗ ಗೋಡೆಯ ಕಡೆ ಮುಖ ಮಾಡಿದಳು. ಬೆನ್ನು ಅಲುಗುತ್ತಿತ್ತು. ಅಪ್ಪ ಹೋದಾಗ ಅತ್ತದ್ದು ಬಿಟ್ಟರೆ ಅವ್ವ ಅತ್ತದ್ದನ್ನು ನಾನು ನೋಡಿರಲಿಲ್ಲ.

ಸಂಜೆ ನನ್ನನ್ನು ಕರೆದು ಸೊಂಟದ ಚೀಲದಿಂದ ಭಂಡಾರ ತೆಗೆದು ನನ್ನ ಅಂಗೈಗೆ ಹಾಕಿದಳು. "ನನಗ ಏನರ ಆದ್ರ ಶನಿವಾರ ಐದು ಗಂಟಿ ತನಾ ಯಾರಿಗೂ ಹೇಳಬ್ಯಾಡ. ಹೇಳಿದ್ರ ಭಾವಕಿ ಹೊಸ್ತಿಲಾ ದಾಟಲ್ಲ, ಅಕಿ ಸೋಲ್ತಾಳ. ಅವ್ವ ಸತ್ತು ಸೋಲಿಸಿದ್ಳು ಅಂತ ಸಿದ್ದಿ ಸಾಯೋತನಾ ಅಂತಾಳ. ಹಿಡಿ, ಆಣಿ ಮಾಡು" ಎಂದಳು. ಬೇಡವ್ವ ಎಂದೆ. ನನ್ನ ಬೆರಳುಗಳನ್ನು ತಾನೇ ಮಡಿಚಿದಳು.

ಆಣೆ ಮಾಡಿದೆ. ನಿನ್ನ ಮೇಲೆ ನನಗೆ ಬಹಳ ಸಿಟ್ಟು ಬಂದಿದೆ, ಇಲ್ಲಿಗೇ ಬಿಡುತ್ತೇನೆ.


ಭಾಲ್ಕಿ
22 ನವೆಂಬರ್ 2024

ಅಕ್ಕ,

ದಿಲೀಪರ ಅಕ್ಕನ ಮನೆಯಲ್ಲಿ ಕಾರ್ಯ ಇತ್ತು, ಅಲ್ಲಿಗೆ ಹೋಗಿದ್ದೆವು. ಅವ್ವ ನಾಳೆ ಬರುತ್ತಾಳೆ. ಸ್ವಲ್ಪ ತಡವಾದರೆ ಅವಳಿಗಾಗಿ ಕಾಯುತ್ತ ನಿಲ್ಲಬೇಡ, ಭಾವಕಿಯವರ ಓಟು ಮೊದಲು ಹಾಕಿಸು. ಇದು ಅವಳದೇ ಮಾತು.

ಆರತಿ


ಡಾಬಕಾ
1 ಡಿಸೆಂಬರ್ 2024

ಆರತಿಗೆ,

ಏನೆಂದು ಕರೆಯಲಿ ತಿಳಿಯದೆ ಹೆಸರಷ್ಟೇ ಬರೆದಿದ್ದೇನೆ. ಫೋನು ಈಗ ನನ್ನ ಕೈಗೆ ಬಂದಿದೆ. ಆದರೆ ನಿನ್ನ ದನಿ ಕೇಳುವ ಧೈರ್ಯ ನನಗಿಲ್ಲ.

ಒಂಬತ್ತು ಓಟಿನಿಂದ ಗೆದ್ದೆ. ಇಪ್ಪತ್ತಾರಕ್ಕೆ ಎಣಿಕೆ ಆಯಿತು. ಸೂತಕದಲ್ಲಿ ನಾನು ಹೋಗಲಿಲ್ಲ, ಇವರೊಬ್ಬರೇ ಹೋಗಿ ಗೆಲುವಿನ ಪ್ರಮಾಣಪತ್ರ ತಂದರು. ಹಾರವಿಲ್ಲ, ಗುಲಾಲಿಲ್ಲ. ಶಶಿಕಲಾ ಬಂದು ನನ್ನ ಪಕ್ಕದಲ್ಲಿ ಕೂತು ಅತ್ತು ಹೋದಳು. ನಮ್ಮ ಭಾವಕಿಯಿಂದ ಯಾರೂ ಬರಲಿಲ್ಲ.

ನಿನಗೆ ಗೊತ್ತಿಲ್ಲದ ಒಂದು ಮಾತು ಇದೆ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಫಕ್ರೋದ್ದೀನ ಚಾಚಾ ಬಂದರು. ನಾನು ಬೂತಿನ ಹೊರಗೆ, ಸುಣ್ಣದ ಗೆರೆಯ ಆಚೆ ಕೈ ಮುಗಿದು ನಿಂತಿದ್ದೆ. ಚಾಚಾ ನನ್ನನ್ನು ಬೇವಿನ ಮರದ ಹಿಂದೆ ಕರೆದು, "ಬೇಟಿ, ನಿಮ್ಮ ಅವ್ವ ಮುಂಜಾನಿನೇ ಹೋಗ್ಯಾರ. ದಿಲೀಪ ಬೀದರದಿಂದ ಭಾಲ್ಕಿಗಿ ಅವರ ಸೀರಿ ಒಯ್ಯಾಕ ಬಂದಿದ್ದ, ಬಸ್‌ಸ್ಟ್ಯಾಂಡಿನ್ಯಾಗ ನನ್ನ ಹೆಗಲ ಮ್ಯಾಲ ತಲಿ ಇಟ್ಟು ಅತ್ತ. ಯಾರಿಗೂ ಹೇಳಬ್ಯಾಡ್ರಿ ಅಂದ. ನಿಮಗ ಹೇಳದಿದ್ರ ಖುದಾ ಮಾಫ್ ಮಾಡಲ್ಲ, ಅದಕ್ಕ ಹೇಳೀನ್ರಿ" ಎಂದರು.

ಆಗಿನ್ನೂ ನಮ್ಮ ಅರ್ಧ ಭಾವಕಿ ಓಟು ಹಾಕಿರಲಿಲ್ಲ.

ನಾನು ಚಾಚಾನಿಗೆ ಏನು ಹೇಳಿದೆ ಗೊತ್ತೇ? ಇಲ್ಲಿ ಇನ್ನು ಯಾರಿಗೂ ಹೇಳಬೇಡಿ ಎಂದೆ. ಸೆರಗಿನಿಂದ ಮುಖ ಒರೆಸಿಕೊಂಡು ಬಂದು ಅದೇ ಜಾಗದಲ್ಲಿ ಕೈ ಮುಗಿದು ನಿಂತೆ. ಅಷ್ಟರಲ್ಲಿ ಧೊಂಡಿಬಾ ಕಾಕಾ ಹಿಂಡು ಬಿಟ್ಟು, ಮೈಯೆಲ್ಲ ಧೂಳಾಗಿ ಬಂದ. "ವೈನಿ ಬಂದಳೇನವಾ?" ಎಂದು ಅವ್ವನ ಬಗ್ಗೆ ಕೇಳಿದ. ದಾರ್ಯಾಗ ಅದಾಳ ಕಾಕಾ, ನೀ ಓಟ್ ಹಾಕಿ ಬಾ ಎಂದೆ. ನನ್ನ ಬಾಯಿಂದಲೇ ಬಂತು. ಅವನು ಓಟು ಹಾಕಿ, ಉಳಿದವರ ಜೊತೆ ಬೀರಪ್ಪನ ಗುಡಿಗೆ ಹೋಗಿ ಭಂಡಾರ ಹಚ್ಚಿಕೊಂಡು ನನ್ನ ಹಣೆಗೂ ತಂದು ಹಚ್ಚಿದ. ಹಚ್ಚಿಸಿಕೊಂಡೆ.

ಮರುದಿನ ಅವ್ವನ ಮಣ್ಣಿನಲ್ಲಿ ಅದೇ ಕಾಕಾ ನಿನ್ನ ಮುಂದೆ ನಿಂತು, "ಹೆಣಾ ಮುಚ್ಚಿಟ್ಟು ನಮ್ಮನ್ನ ಸೂತಕದಾಗ ದೇವರ ಮುಟ್ಟಿಸಿದಿ. ಹೆತ್ತಾಕಿಕಿಂತ ಓಟ್ ದೊಡ್ಡದಾತೇನು ನಿಂಗ?" ಎಂದು ಕೂಗಿದ. ಅವ್ವನೇ ಆಣೆ ಹಾಕಿಸಿಕೊಂಡಿದ್ದಳು ಎಂದು ನೀನು ಹೇಳಿದರೂ ಯಾರೂ ನಂಬಲಿಲ್ಲ, ಅತ್ತೆಯರು ನಿನ್ನ ಕೈಯಿಂದ ಒಂದು ಹಿಡಿ ಮಣ್ಣು ಹಾಕಿಸಲಿಲ್ಲ. ನೀನು ನನ್ನ ಕಡೆ ನೋಡಿದೆ. ನಾನು ತಲೆ ತಗ್ಗಿಸಿದೆ. ನನಗೂ ಗೊತ್ತಿತ್ತು ಎಂಬ ಒಂದು ಮಾತು ಸಾಕಾಗಿತ್ತು, ಅದು ಹೊರಗೆ ಬರಲಿಲ್ಲ. ಗೆದ್ದರೆ ಗೆಲುವು ಉಳಿಯಬೇಕಲ್ಲ ಎಂದು ಆ ಹೊತ್ತಿನಲ್ಲೂ ಲೆಕ್ಕ ಹಾಕುತ್ತಿದ್ದೆ. ಈಗ ನನ್ನ ಮುಖ ನನಗೇ ಬೇಡವಾಗಿದೆ.

ಅವ್ವನ ದಿನಕರ್ಮ ಮುಗಿದ ಮೇಲೆ ಭಾವಕಿಯನ್ನು ಕೂರಿಸಿ ಎಲ್ಲ ಹೇಳುತ್ತೇನೆ. ಅವರು ಏನು ಬೇಕಾದರೂ ಮಾಡಲಿ.

ನಿನ್ನನ್ನು ಕೇಳುವುದು ಒಂದೇ ಇದೆ, ನಿಜ ಹೇಳು. ಇಪ್ಪತ್ತಕ್ಕೆ ನಾನು ಬರೆದದ್ದನ್ನು ಅವ್ವನಿಗೆ ಓದಿದೆಯಾ? ಅವಳು ನಿನ್ನಿಂದ ಆಣೆ ಹಾಕಿಸಿಕೊಂಡದ್ದು ಅದನ್ನು ಕೇಳಿದ ಮೇಲೆಯಾ? ಅನ್ನ ಇಳಿಯುತ್ತಿಲ್ಲ ಆರತಿ. ಹೌದು ಎಂದಾದರೆ ಹೌದು ಎಂದೇ ಬರೆ.

ಸಿದ್ದೇಶ್ವರಿ


ಭಾಲ್ಕಿ
5 ಡಿಸೆಂಬರ್ 2024

ಅಕ್ಕನಿಗೆ ಆರತಿಯ ನಮಸ್ಕಾರ.

ನಿನ್ನ ಕಾಗದ ಓದಿ ಮೊದಲು ಹರಿದು ಹಾಕಬೇಕು ಅನಿಸಿತು. ಆ ದಿನ ಬೀದರಿನಲ್ಲಿ, ಶವದ ಕೋಣೆಯ ಹೊರಗಿನ ಕಟ್ಟೆಯ ಮೇಲೆ ಕೂತು ಐದು ಗಂಟೆಗಾಗಿ ಕಾಯುವಾಗ, ಈ ಭೂಮಿಯ ಮೇಲೆ ಇದು ಗೊತ್ತಿರುವ ಮಗಳು ನಾನೊಬ್ಬಳೇ ಎಂದುಕೊಂಡಿದ್ದೆ. ಖತೀಜಾ ಬೇಗಂ ಗಂಡನನ್ನು ಬಿಟ್ಟು ಬಂದು ನನ್ನ ಕೈ ಹಿಡಿದು ಕೂತಿದ್ದರು. ಮಧ್ಯಾಹ್ನದಿಂದ ನೀನೂ ಅಲ್ಲಿ ಹಾಗೆಯೇ ಕಾಯುತ್ತಿದ್ದೆ ಎಂದು ಈಗ ತಿಳಿಯಿತು. ಸಿಟ್ಟು ಬಂತು. ಆಮೇಲೆ ನೀನು ಒಬ್ಬಳೇ ನಿಂತದ್ದು ಕಣ್ಣಿಗೆ ಬಂದು ಬಹಳ ಹೊತ್ತು ಅತ್ತೆ.

ಮಣ್ಣಿನಲ್ಲಿ ನೀನು ತಲೆ ತಗ್ಗಿಸಿದ್ದು ನನಗೆ ಮರೆಯುವುದಿಲ್ಲ. ಮರೆತೆ ಎಂದು ಸುಳ್ಳು ಹೇಳುವುದಿಲ್ಲ. ಭಾವಕಿಗೆ ಹೇಳುವುದಾದರೆ ಹೇಳು, ನನಗಾಗಿ ಬೇಡ, ನಿನಗಾಗಿ ಹೇಳು. ಅವರು ನಿನ್ನ ಜೊತೆ ಬಂದರೂ ಬಾರದಿದ್ದರೂ ಕುರಿಗೆ ಸೂಜಿ ಹಾಕುವ ಡಾಕ್ಟರನ್ನು ನಮ್ಮ ಓಣಿಗೆ ತಂದು ನಿಲ್ಲಿಸು.

ನೀನು ಕೇಳಿದ್ದಕ್ಕೆ ಉತ್ತರ. ಅವ್ವ ಆಣೆ ಹಾಕಿಸಿಕೊಂಡದ್ದು ಹದಿನಾರಕ್ಕೆ, ಬೀದರಿಗೆ ಹೋದ ಮರುದಿನ. ದೊಡ್ಡಪ್ಪ ಸತ್ತ ದಿನದ ನೆನಪು ಅವಳಿಗೂ ಇತ್ತು. "ನನ್ನಿಂದ ಹಂಗ ಆಗಬಾರದು" ಎಂದಳು, ಅಷ್ಟೇ. ನಿನ್ನ ಮಾತಿಗೂ ಅದಕ್ಕೂ ಸಂಬಂಧವಿಲ್ಲ.

ನಿನ್ನ ಆ ಕಾಗದ ಬಂದಾಗ ಅವಳು ನಿದ್ದೆಯಲ್ಲಿದ್ದಳು ಅಕ್ಕ. ನಾನು ಎಬ್ಬಿಸಲಿಲ್ಲ. ಊಟ ಮಾಡು.

ಆರತಿ